ಎಚ್ಚರದ ಪುಸ್ತಕದ ಮೂವತ್ತೇಳನೆಯ ಹೆಸರು

ಶ್ರೀ ಜಿನಾಯ ನಮಃ

ಮೂಡುಬಿದಿರೆ
೧೧ ಸೆಪ್ಟೆಂಬರ್ ೨೦೨೫, ಗುರುವಾರ, ಮಧ್ಯಾಹ್ನ

ಮಾಣಿ ಊರಿನ ತನ್ನ ಮನೆಯಲ್ಲಿ ಈ ಕಾಗದವನ್ನು ಬಿಡಿಸಲಿರುವ ಪ್ರೀತಿಯ ಹಫ್ಸಳಿಗೆ,

ಒಂದು ಕಾಲದಲ್ಲಿ ನಿನಗೆ ಹಳಗನ್ನಡ ಪದ್ಯಗಳ ಅನ್ವಯ ಹೇಳಿಕೊಟ್ಟ ಹೇಮರಾಜ ಪಂಡಿತನ ಆಶೀರ್ವಾದಗಳು. ನಿನಗೂ, ಮಕ್ಕಳಿಗೂ, ಗಲ್ಫಿನಲ್ಲಿ ದುಡಿಯುತ್ತಿರುವ ನಿನ್ನ ಯಜಮಾನರು ಶರೀಫರಿಗೂ ನೀನು ನಂಬಿದ ದೇವರು ಆರೋಗ್ಯವನ್ನು ಕೊಡಲಿ.

ಕುಶಲಪ್ರಶ್ನೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ, ಏಕೆಂದರೆ ಸಮಯವಿಲ್ಲ. ನಿಮ್ಮ ಎಚ್ಚರದ ಪುಸ್ತಕದಲ್ಲಿ ಮೂವತ್ತೇಳನೆಯದಾಗಿ ಬರೆದಿರುವ ‘ಶಶಿರಾಜ್, ನೆಲ್ಲಿಮಾರು ಮನೆ’ ಎಂಬ ಹೆಸರು ತಪ್ಪು. ಆ ಹೆಸರಿನಿಂದ ಊರು ಗುರುತಿಸುವ ಮನುಷ್ಯ ಯಾವ ಹುಡುಗಿಗೂ ಕೇಡು ಬಗೆದವನಲ್ಲ. ಅವನು ಅನ್ನ ಬಿಟ್ಟು ಇಂದಿಗೆ ಹನ್ನೊಂದು ದಿನ. ನೀನು ಆ ಹೆಸರನ್ನು ಹೊಡೆದುಹಾಕಿ, ಹೊಡೆದುಹಾಕಿದ್ದನ್ನು ಊರಿಗೆಲ್ಲ ಸಾರಿ, ಅವನ ಎದುರು ನಿಂತು ಆ ಮಾತನ್ನು ಹೇಳದಿದ್ದರೆ ಅವನು ಉಳಿಯುವುದಿಲ್ಲ. ಬೇರೆ ಏನನ್ನು ಓದಲು ನಿನಗೆ ವ್ಯವಧಾನವಿಲ್ಲದಿದ್ದರೂ ಇಷ್ಟನ್ನು ಓದಿ ಎದ್ದು ಹೊರಡು ಎಂದು ಬೇಡಿಕೊಳ್ಳುತ್ತೇನೆ.

ನಿನ್ನೆ ಸಂಜೆ ಫೋನಿನಲ್ಲಿ ಇದನ್ನೇ ಹೇಳಲು ಹೋದೆ. ನೀನು ಕೇಳಿದ್ದು ನ್ಯಾಯವಾಗಿಯೇ ಇತ್ತು. “ಮಾಷ್ಟ್ರೇ, ಸಹಿ ಹಾಕಿದ್ದು ನೀವು. ಈಗ ನೀವೇ ತೆಗೀರಿ ಅಂದ್ರೆ ನಾನು ಆ ಹುಡುಗಿಗೆ ಏನಂತ ಹೇಳುವುದು? ಅವನಲ್ಲ ಅಂತಾದ್ರೆ ಮತ್ತೆ ಯಾರು? ಅದನ್ನು ಹೇಳಿ, ಈಗಲೇ ತೆಗೀತೇನೆ.” ನಾನು ಸರಿಯಾಗಿ ಕೇಳಿಸುತ್ತಿಲ್ಲವೆಂದು ಹೇಳಿ ಫೋನನ್ನು ಇಟ್ಟುಬಿಟ್ಟೆ. ನನಗೆ ಚೆನ್ನಾಗಿಯೇ ಕೇಳಿಸಿತ್ತು. ಬಾಯಿಯಿಂದ ಬಾರದೆ ಹೋದದ್ದು ಲೇಖನಿಯಿಂದ ಬಂದೀತೆಂದು ಈಗ ಕುಳಿತಿದ್ದೇನೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಿಮ್ಮ ಪುಸ್ತಕವನ್ನು ನಾನು ಹಳಿಯುತ್ತಿಲ್ಲ. ಜೂನ್ ತಿಂಗಳಲ್ಲಿ ನೀನೂ ಸಾಲಿಹಾಳೂ ಅದನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ನನ್ನ ಮನೆಗೆ ಬಂದ ದಿನ, ಅದರ ಹಾಳೆಗಳನ್ನು ಒಂದೂ ಬಿಡದೆ ಓದಿದೆ. ಉಜಿರೆಯ ಹಾಸ್ಟೆಲುಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಇರುವ ಮಕ್ಕಳು, ಬಂಟ್ವಾಳದ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳು, ಠಾಣೆಗೆ ಹೋಗಲು ಮನೆಯವರು ಬಿಡದವರು, ಹೋದರೂ ಬರಿಗೈಯಲ್ಲಿ ಮರಳಿದವರು. ಅವರೆಲ್ಲರ ಸಂಕಟ ಅಲ್ಲಿ ನಾಲ್ಕು ನಾಲ್ಕು ಸಾಲುಗಳಲ್ಲಿ ಬರೆಯಲ್ಪಟ್ಟಿತ್ತು. ಹೇಳಿಕೊಂಡವಳ ಹೆಸರನ್ನು ಬರೆಯುವುದಿಲ್ಲ, ಮಾಡಿದವನ ಹೆಸರನ್ನು ತಿಂಗಳ ಮೊದಲ ಭಾನುವಾರ ಎಲ್ಲ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿ, ಅಚ್ಚುಮಾಡಿ ಬಸ್ ನಿಲ್ದಾಣಗಳಲ್ಲಿ ಅಂಟಿಸುತ್ತೇವೆ ಎಂದು ನೀನು ವಿವರಿಸಿದೆ. ಸಾಲಿಹಾ ತಾನು ವಾರ್ಡನ್ ಆಗಿರುವ ಹಾಸ್ಟೆಲಿನ ಮಾತುಗಳನ್ನು ಹೇಳುತ್ತಾ ನಡುವೆ ನಕ್ಕು, “ಮಾಷ್ಟ್ರೇ, ಗಂಡಸರ ಹೆಸರು ಬರೆದು ಬರೆದು ಹಫ್ಸನ ಕೈ ಬಾತಿದೆ. ಇನ್ನು ಎರಡನೇ ಪುಸ್ತಕ ತರ್ಬೇಕಷ್ಟೆ” ಎಂದಳು. ನಾನು ನಗಲಿಲ್ಲ. ನಾನು ನಗಲೆಂದು ಅವಳೂ ಹೇಳಿರಲಿಲ್ಲ.

ನೀವು ನನ್ನಲ್ಲಿಗೆ ಬಂದ ಕಾರಣವೂ ನೆನಪಿದೆ. ಹತ್ತೊಂಬತ್ತನೆಯ ಹೆಸರಿನಿಂದಾಗಿ ಬೆಳ್ತಂಗಡಿಯಲ್ಲಿ ಅದೇ ಹೆಸರಿನ ಬೇರೊಬ್ಬ ರಿಕ್ಷಾದವನಿಗೆ ನಾಲ್ಕು ಏಟು ಬಿದ್ದಿತ್ತು. ಅಂಥದ್ದು ಮರುಕಳಿಸಬಾರದು, ಅಚ್ಚಿಗೆ ಹೋಗುವ ಮೊದಲು ಪ್ರತಿ ಹೆಸರನ್ನೂ ಊರು ಬಲ್ಲ ಹಿರಿಯರೊಬ್ಬರು ನೋಡಿ ಸಹಿ ಹಾಕಬೇಕು ಎಂದು ನೀವು ನಿಶ್ಚಯಿಸಿದ್ದಿರಿ. “ಮೂರು ತಾಲೂಕಿನ ಮನೆಗಳ ಕಥೆ ನಿಮಗೆ ಬಾಯಿಪಾಠ ಉಂಟಲ್ಲ ಮಾಷ್ಟ್ರೇ, ನಿಮಗಿಂತ ಸತ್ಯವಂತರು ನಮಗೆ ಯಾರು ಸಿಗ್ತಾರೆ?” ಎಂದು ನೀನು ಹೇಳಿದಾಗ ನಾನು ತಲೆ ತಗ್ಗಿಸಿದೆ. ಒಳಗೆ ಹಿಗ್ಗಿದೆ. ಎಪ್ಪತ್ತಾರು ವರ್ಷಗಳಲ್ಲಿ ನಲವತ್ತು ವರ್ಷ, ಸುಳ್ಳಾಡೆನೆಂಬ ಸತ್ಯಾಣುವ್ರತವನ್ನು ಪಾಲಿಸಿದವನೆಂಬ ಹೆಮ್ಮೆ ಅದು. ಬಸದಿಯಲ್ಲಿ ಪ್ರತಿಕ್ರಮಣಕ್ಕೆ ಕುಳಿತಾಗ ಬೇರೆಲ್ಲ ದೋಷಗಳನ್ನು ಎಣಿಸುತ್ತೇನೆ, ಈ ಹೆಮ್ಮೆಯನ್ನು ಎಣಿಸಿದ್ದಿಲ್ಲ.

ಮನೆಯ ಹೆಸರನ್ನು ಬರೆಯಬೇಕೆಂದು ಸೂಚಿಸಿದವನೂ ನಾನೇ. ಫೋಟೊ ಬೇಡ, ಈ ಕಾಲದಲ್ಲಿ ಯಾರ ಮುಖವನ್ನು ಯಾರ ದೇಹಕ್ಕೂ ಅಂಟಿಸಬಹುದು. ಫೋನ್ ನಂಬರ್ ಬೇಡ, ಅದನ್ನು ಅಂಗಿಯಂತೆ ಬದಲಿಸುವವರುಂಟು. ನಮ್ಮ ಕಡೆ ಮನುಷ್ಯನನ್ನು ಗುರುತಿಸುವುದು ಮನೆಯ ಹೆಸರಿನಿಂದ, ಅದನ್ನೇ ಬರೆಯಿರಿ ಎಂದು ಪಾಠ ಹೇಳಿದಂತೆ ಹೇಳಿದೆ. ನೀವಿಬ್ಬರೂ ಒಪ್ಪಿದಿರಿ.

ಜುಲೈ ಕೊನೆಯಲ್ಲಿ ನೀನು ಆ ಹುಡುಗಿಯ ಮಾತನ್ನು ಓದಿ ಹೇಳಿದೆ. ಸಾಲಿಹಾಳ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ, ನೆರಿಯದ ಕಡೆಯ ಹುಡುಗಿ. ಬಸ್ಸಿನಲ್ಲಿ ಪರಿಚಯವಾದವನು ಕೆಲಸ ಕೊಡಿಸುವೆನೆಂದು ನಂಬಿಸಿ, ಅವಳ ಚಿತ್ರಗಳನ್ನು ತರಿಸಿಕೊಂಡು, ಆಮೇಲೆ ಅವುಗಳನ್ನೇ ಮುಂದಿಟ್ಟು ಹೆದರಿಸತೊಡಗಿದ್ದ. ಅವಳು ಪರೀಕ್ಷೆಯನ್ನು ಬಿಟ್ಟು ಮನೆಗೆ ಓಡಿದಳು. ಅವಳಿಗೆ ಗೊತ್ತಿದ್ದದ್ದು ಮೂರೇ ಸಂಗತಿಗಳು: ಹೆಸರು ಶಶಿರಾಜ್, ಜೈನರವನು, ತಾಯಿಯ ಮನೆ ವೇಣೂರಿನ ಆಚೆ. ಅವನ ನಂಬರ್ ಆಗಲೇ ಸತ್ತಿತ್ತು. “ಇದು ಯಾವ ಶಶಿರಾಜ್, ಮಾಷ್ಟ್ರೇ?” ಎಂದು ನೀನು ಕೇಳಿದೆ. ಎರಡು ದಿನ ಕೊಡು ಎಂದೆ; ಮನೆತನಗಳ ಹಳೆಯ ಟಿಪ್ಪಣಿಗಳನ್ನು ನೋಡಬೇಕೆಂದೆ. ಮೂರನೆಯ ದಿನ ಚೀಟಿಯಲ್ಲಿ ‘ನೆಲ್ಲಿಮಾರು ಮನೆ’ ಎಂದು ಬರೆದು, ಸಹಿ ಹಾಕಿ ಕಳುಹಿಸಿದೆ.

ಆ ತಪ್ಪು ಹೇಗಾಯಿತೆಂದು ವಿವರಿಸುತ್ತೇನೆ. ಈ ಸೀಮೆಯ ನಮ್ಮ ಜೈನರಲ್ಲಿ ಹಿಂದಿನಿಂದ ಅಳಿಯಸಂತಾನದ ಕಟ್ಟು ಉಂಟು. ಮಕ್ಕಳು ತಂದೆಯ ಮನೆಗೆ ಸೇರಿದವರಲ್ಲ, ತಾಯಿಯ ಮನೆಗೆ ಸೇರಿದವರು. ಕಾನೂನು ಬದಲಾಯಿತು, ಕಾಗದಪತ್ರಗಳಲ್ಲಿ ತಂದೆಯ ಹೆಸರು ಬಂತು, ಮಕ್ಕಳು ತಂದೆಯ ಮನೆಯಲ್ಲೇ ಬೆಳೆದರು. ಆದರೂ ನನ್ನಂಥವನ ತಲೆಯಲ್ಲಿ ಹಳೆಯ ಲೆಕ್ಕವೇ ಕುಳಿತಿದೆ. ಆ ದುಷ್ಕೃತ್ಯ ಮಾಡಿದವನ ತಾಯಿ ನೆಲ್ಲಿಮಾರಿನ ಹೆಣ್ಣುಮಗಳು. ಆದ್ದರಿಂದ, ಎಂದೂ ಆ ಮನೆಯಲ್ಲಿ ವಾಸಿಸದ ಅವನಿಗೆ, ಕಟ್ಟಿನ ಪ್ರಕಾರ ಆ ಮನೆಯ ಹೆಸರನ್ನು ಬರೆದೆ. ಅದೇ ಮನೆಯಲ್ಲಿ, ಅದೇ ಹೆಸರಿನ ಇನ್ನೊಬ್ಬ ಮನುಷ್ಯ ಹುಟ್ಟಿ ಬೆಳೆದು ಬಾಳುತ್ತಿದ್ದಾನೆಂಬುದು ಆ ಹೊತ್ತಿಗೆ ಮನಸ್ಸಿಗೆ ಹೊಳೆಯಲಿಲ್ಲ. ವೃದ್ಧನ ಮರೆವು ಎಂದುಕೋ. ಬೇಕಾದರೆ ಪುಸ್ತಕದಲ್ಲಿ ನನ್ನ ಹೆಸರನ್ನೇ ಬರೆದು, ಪರಿಶೀಲಿಸದೆ ಸಹಿ ಹಾಕಿದ ಪಂಡಿತ ಎಂದು ಮೂರು ತಾಲೂಕಿನಲ್ಲಿ ಅಂಟಿಸು. ನಾನು ತಲೆಬಾಗುತ್ತೇನೆ.

ಆ ಇನ್ನೊಬ್ಬನನ್ನು ನೀನು ನೋಡಿಲ್ಲ. ನಲವತ್ತೊಂದು ವರ್ಷ, ಮದುವೆಯಾಗಿಲ್ಲ. ತಾಯಿ ವಸಂತಿ ಅಕ್ಕನೊಂದಿಗೆ ಇದ್ದಾನೆ. ಆಕೆ ನನಗೆ ದೂರದಿಂದ ಸಂಬಂಧ. ಅವನು ಶಾಲಾ ಮಕ್ಕಳ ವ್ಯಾನನ್ನು ಓಡಿಸುತ್ತಾನೆ. ಓಡಿಸುತ್ತಿದ್ದ ಎನ್ನಬೇಕು. ಆಗಸ್ಟ್ ಮೂರರ ಭಾನುವಾರ ನಿಮ್ಮ ಪಟ್ಟಿ ಬಂತು. ಸೋಮವಾರ ಬೆಳಗ್ಗೆ ಹನ್ನೆರಡು ಮಕ್ಕಳಲ್ಲಿ ಒಂದೂ ಗೇಟಿಗೆ ಬರಲಿಲ್ಲ. ಅವನಿಗೆ ಕಾರಣವೇ ಗೊತ್ತಿರಲಿಲ್ಲ. ಪ್ರತಿ ಮನೆಯ ಮುಂದೆಯೂ ಹಾರ್ನ್ ಹಾಕಿ ಕಾದನಂತೆ. ಕೊನೆಯ ಮನೆಯ ಅಜ್ಜಿ ಬಾಗಿಲನ್ನು ಸ್ವಲ್ಪ ತೆರೆದು, “ನಾಳೆಯಿಂದ ನಾವೇ ಬಿಟ್ಟು ಬರ್ತೇವೆ, ನೀವು ಬರುವುದು ಬೇಡ” ಎಂದರು. ಏನಾಯಿತೆಂದು ತಿಳಿದದ್ದು ಬಸ್ ನಿಲ್ದಾಣದ ಕಮಲಾಕ್ಷನ ಚಾದಂಗಡಿಯಲ್ಲಿ. ಅಂಗಡಿಯ ಕಂಬದಲ್ಲಿ, ಬಸ್ಸಿನಲ್ಲಿ ಹುಡುಗಿಯನ್ನು ನಂಬಿಸಿದವನೆಂಬ ಸಾಲಿನೊಂದಿಗೆ, ಪಟ್ಟಿ ಅಂಟಿಸಿತ್ತು. ಇಪ್ಪತ್ತು ವರ್ಷ ಇವನಿಗೆ ಚಾ ಕೊಟ್ಟ ಕಮಲಾಕ್ಷ ಒಳಗಿನವನಿಗೆ ಕೂಗಿ ಹೇಳಿದ್ದು: “ಮೂವತ್ತೇಳಕ್ಕೆ ಒಂದು ಚಾ. ಸಕ್ಕರೆ ಬೇಡ, ಅವರಿಗೆ ಬಸ್ಸಿನಲ್ಲಿ ಸಿಗ್ತದಂತೆ.” ಕುಳಿತವರೆಲ್ಲ ನಕ್ಕರು. ಅಂದಿನಿಂದ ಅವನ ಹೆಸರು ಮೂವತ್ತೇಳು. ದಾರಿಯಲ್ಲಿ ನಡೆದರೆ ಮೂವತ್ತೇಳು ಹೋಗುತ್ತಿದೆ, ಬಸದಿಗೆ ಬಂದರೆ ಮೂವತ್ತೇಳು ಬಂತು. ಯಾರೋ ವ್ಯಾನಿನ ಹಿಂದಿನ ಗಾಜಿನ ಮೇಲೆ ಆ ಅಂಕೆಗಳನ್ನು ಕೆಂಪು ಪೈಂಟಿನಲ್ಲಿ ಬರೆದಿದ್ದಾರೆ. ಅವನು ಅದನ್ನು ತೊಳೆಯಲೂ ಹೋಗಿಲ್ಲ.

ನಮ್ಮ ಹತ್ತು ದಿನಗಳ ದಶಲಕ್ಷಣ ಪರ್ವ ಆರಂಭವಾದ ದಿನ ಅವನು ಒಪ್ಪೊತ್ತು ಮಾಡಿದ. ಎಲ್ಲರೂ ಮಾಡುವುದೇ. ಐದನೆಯ ದಿನದಿಂದ ಕುದಿಸಿ ಆರಿಸಿದ ನೀರು ಮಾತ್ರ. ಪರ್ವ ಕಾಲದ ಉಪವಾಸವೆಂದು ವಸಂತಿ ಅಕ್ಕನೂ ಸುಮ್ಮನಿದ್ದಳು. ಚತುರ್ದಶಿ ಕಳೆದು ಪಾರಣೆಯ ದಿನ ಗಂಜಿಯನ್ನು ಮಾಡಿ ತಟ್ಟೆಗೆ ಬಡಿಸಿದಾಗ ಅವನು ಕೈಮುಗಿದು ಪಕ್ಕಕ್ಕೆ ಸರಿಸಿದ. ಆಗ ಆಕೆಗೆ ಅರ್ಥವಾಯಿತು. ಮೊನ್ನೆ ಮಂಗಳವಾರ ಎರಡು ಬಸ್ಸು ಬದಲಿಸಿ ನನ್ನ ಮನೆಗೆ ಬಂದು, ಚಾವಡಿಯಲ್ಲಿ ಕುಳಿತುಕೊಳ್ಳದೆ, ಕಂಬವನ್ನು ಹಿಡಿದು ನಿಂತೇ ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ನಿಮಗೆ ಶಾಸ್ತ್ರ ಗೊತ್ತುಂಟು. ನನ್ನ ಮಗ ಉಣ್ಣಬೇಕಾದ್ರೆ ಶಾಸ್ತ್ರದಲ್ಲಿ ಎಂತ ಉಂಟು, ಅದನ್ನು ಬಂದು ಹೇಳಿ. ಸುಳ್ಳಾದ್ರೂ ಹೇಳಿ. ನಾನು ಎಂಬತ್ತರ ಹತ್ತಿರದವಳು, ಇದನ್ನು ಮಾತ್ರ ನೋಡಿಕೊಂಡು ಕೂತುಕೊಳ್ಳುವುದಕ್ಕೆ ನನ್ನಿಂದ ಆಗುವುದಿಲ್ಲ.” ಕುಡಿಯಲು ನೀರು ಕೊಟ್ಟೆ. ಕುಡಿಯಲಿಲ್ಲ.

ನಿನ್ನೆ ಹೋದೆ. ಚಾವಡಿಯಲ್ಲಿ ಚಾಪೆಯ ಮೇಲೆ ಮಲಗಿದ್ದವನು ನನ್ನನ್ನು ಕಂಡು ಗೋಡೆಯನ್ನು ಹಿಡಿದು ಎದ್ದು, ಕುರ್ಚಿಯನ್ನು ಎಳೆಯಲು ನೋಡಿದ, ಆಗಲಿಲ್ಲ. ಆರೋಗ್ಯ ಕೇಂದ್ರದ ವೈದ್ಯೆ ಬಂದು ಹೋಗಿದ್ದಾರೆ. ಮೂತ್ರ ತೀರಾ ಕಡಿಮೆಯಾಗಿದೆ, ಕಿಡ್ನಿ ಕೈಬಿಟ್ಟರೆ ಯಾರೂ ಏನೂ ಮಾಡಲಾಗದು, ಹೆಚ್ಚೆಂದರೆ ಎರಡು ಮೂರು ದಿನ ಎಂದಿದ್ದಾರೆ. ಗ್ಲೂಕೋಸ್ ಏರಿಸಲು ಬಂದ ನರ್ಸಿಗೂ ಅವನು ಕೈಮುಗಿದನಂತೆ.

ನಾನು ಶಾಸ್ತ್ರದಿಂದಲೇ ಆರಂಭಿಸಿದೆ. ಸಲ್ಲೇಖನವೆಂಬುದು ಬಾಳಿನ ಕೊನೆಯಲ್ಲಿ, ಗುರುಗಳ ಅನುಜ್ಞೆ ಪಡೆದು, ಕ್ರೋಧ ಮಾನ ಮಾಯೆ ಲೋಭಗಳನ್ನು ಒಂದೊಂದಾಗಿ ಕೃಶಗೊಳಿಸಿದ ಮೇಲೆ ದೇಹವನ್ನು ಬಿಡುವ ಮಾರ್ಗ. ಅವಮಾನಕ್ಕೆ ನೊಂದು ಅನ್ನ ಬಿಡುವುದು ವ್ರತವಲ್ಲ, ಆತ್ಮಘಾತ, ಅದು ಪಾಪ ಎಂದೆ. ಯಾರ ಅಪ್ಪಣೆಯಿಂದ ಬಿಟ್ಟೆ ಎಂದು ಗದರಿಸಿಯೂ ಕೇಳಿದೆ. ಅವನು ಮೆಲ್ಲಗೆ, “ಅಪ್ಪಣೆ ಬೇಕಾದ್ದು ದೊಡ್ಡವರಿಗೆ ಪಂಡಿತರೇ. ನನಗೆ ಊರೇ ಕೊಟ್ಟಿದೆಯಲ್ಲ” ಎಂದ. ನನ್ನನ್ನು ಸಮಾಧಾನಪಡಿಸುವವನಂತೆ ಮುಂದುವರಿಸಿದ: “ಒಬ್ಬರು ತಾಯಿ ಸ್ಕೂಟರಿನಲ್ಲಿ ಹಿಂದಿನಿಂದ ಬಂದು ಗ್ಲಾಸ್ ತಟ್ಟಿ ಕೇಳಿದ್ರು, ನನ್ನ ಮಗಳನ್ನು ನೀನು ಎತ್ತಿ ಇಳಿಸ್ತಿದ್ದೆ ಅಲ್ವಾ ಅಂತ. ಇಳಿಸ್ತಿದ್ದೆ, ಹೌದು. ವ್ಯಾನಿನ ಮೆಟ್ಟಿಲು ಎತ್ತರ ಉಂಟು, ಸಣ್ಣವರಿಗೆ ಕಾಲು ಎಟುಕುವುದಿಲ್ಲ. ಅವರು ಕೇಳಿದ ಮೇಲೆ ನನಗೆ ನನ್ನ ಕೈ ನೋಡಲಿಕ್ಕೆ ಆಗುವುದಿಲ್ಲ. ಉಣ್ಣುವುದು ಅದೇ ಕೈಯಲ್ಲಿ ಅಲ್ವಾ?”

ಹಫ್ಸ, ನಾನು ಶಾಸ್ತ್ರ ಹೇಳುವುದನ್ನು ಬಿಟ್ಟು ಎದ್ದೆ.

ಹೊರಡುವಾಗ ಅವನು ಇನ್ನೊಂದು ಮಾತನ್ನು ಕೇಳಿದ. ಅದು ಮನೆಯ ಮಾತು, ಇಲ್ಲಿ ಬರೆಯಬೇಕಾದುದಲ್ಲ.

ಈಗ ನಿನ್ನಲ್ಲಿ ನನ್ನ ಪ್ರಾರ್ಥನೆ. ಅಪರಾಧಿ ಯಾರೆಂದು ತಿಳಿಯದೆ ಹೆಸರನ್ನು ತೆಗೆಯಲಾಗದು ಎಂಬ ನಿನ್ನ ನಿಯಮವನ್ನು ಗೌರವಿಸುತ್ತೇನೆ. ಆ ದುಷ್ಕೃತ್ಯ ಮಾಡಿದವನು ಈಗ ಎಲ್ಲಿದ್ದಾನೆಂಬುದು ನನಗೆ ಖಚಿತವಿಲ್ಲ. ಆದರೆ ಈತನಲ್ಲವೆಂದು ತೋರಿಸಲು ಒಂದು ದಾರಿಯುಂಟು. ನೆಲ್ಲಿಮಾರಿನ ಶಶಿರಾಜನ ಫೋಟೊವೊಂದನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹುಡುಗಿ ಫೋನನ್ನು ಎತ್ತುತ್ತಿಲ್ಲವೆಂದು ನೀನೇ ಹೇಳಿದ್ದೆ; ಆದ್ದರಿಂದ ಸಾಲಿಹಾಳನ್ನು ಉಜಿರೆಯಲ್ಲಿ ಜೊತೆ ಮಾಡಿಕೊಂಡು ನೆರಿಯಕ್ಕೆ ಹೋಗಿ, ಅವಳ ಮನೆಯನ್ನು ಹುಡುಕಿ, ಈ ಚಿತ್ರವನ್ನು ತೋರಿಸು. ಇವನಲ್ಲ ಎಂದು ಅವಳ ಬಾಯಿಂದ ಬಂದ ಕೂಡಲೇ ಅಲ್ಲಿಂದಲೇ ನೇರವಾಗಿ ನೆಲ್ಲಿಮಾರಿಗೆ ಬಾ. ಅವನ ಎದುರು ಪುಸ್ತಕವನ್ನು ತೆರೆದು, ಅವನ ಕಣ್ಣೆದುರೇ ಹೊಡೆದುಹಾಕು. ಗುಂಪುಗಳಿಗೆ ಅಲ್ಲಿಂದಲೇ ಕಳುಹಿಸು. ನಾಳೆ ಸೂರ್ಯಾಸ್ತದ ಒಳಗೆ ಇದಾದರೆ, ಮುಳುಗುವ ಮುನ್ನ ಅವನು ಒಂದು ಚಮಚ ಗಂಜಿಯನ್ನಾದರೂ ಬಾಯಿಗೆ ಇಟ್ಟಾನು. ಸೂರ್ಯ ಮುಳುಗಿದ ಮೇಲೆ ಅವನು ಹೇಗೂ ಉಣ್ಣುವುದಿಲ್ಲ. ಶನಿವಾರವೆಂಬುದು ನಮಗೆ ಇರುತ್ತದೋ ಇಲ್ಲವೋ.

ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ನಾವು ಒಬ್ಬರೊಬ್ಬರ ಕ್ಷಮೆಯನ್ನು ಕೇಳುತ್ತೇವೆ, ನಿನಗೆ ಗೊತ್ತು. ಶಾಲೆಯಲ್ಲಿ ನೀವು ಮಕ್ಕಳು ಅದನ್ನು ಕಂಡು ನಗುತ್ತಿದ್ದಿರಿ. ಈ ಸಲವೂ ಬಸದಿಯ ಅಂಗಳದಲ್ಲಿ ನಿಂತು ಬಂದವರೆಲ್ಲರ ಕ್ಷಮೆಯನ್ನು ಕೇಳಿದೆ. ನೆಲ್ಲಿಮಾರಿಗೆ ಹೋಗಿ ಕೇಳಲಿಲ್ಲ. ಆದ್ದರಿಂದ ನಿನ್ನನ್ನು ಕೇಳುತ್ತಿದ್ದೇನೆ, ಮಗಳೇ. ಕಲಿಸಿದವನು ಕಲಿತವಳ ಮುಂದೆ ಕೈಯೊಡ್ಡಿದ್ದಾನೆ.

ಇಂತು ನಿನ್ನ ಹಿತವನ್ನು ಬಯಸುವ,
ಹೇಮರಾಜ

ಪುನಶ್ಚ:

ಮೇಲೆ ಸಹಿ ಹಾಕಿ, ಲಕೋಟೆಗೆ ಗೋಂದು ಹಚ್ಚುವ ಮೊದಲು ನೀರು ಕುಡಿಯಲೆಂದು ಎದ್ದೆ. ಹೊರಗೆ ಜಗಲಿಯಲ್ಲಿ ಫೋನಿನಲ್ಲಿ ಮಾತು ಕೇಳಿಸಿತು. “ಹೆದರುವುದು ಎಂತಕ್ಕೆ ಮಾರಾಯ್ತಿ, ನಾನುಂಟಲ್ಲ. ಹಾಸ್ಟೆಲಿನಲ್ಲಿ ಯಾರಿಗೂ ಹೇಳುವುದು ಬೇಡ.” ಸ್ಪೀಕರಿನಲ್ಲಿ ಕೇಳಿದ ಆ ಕಡೆಯ ದನಿ ತೀರಾ ಎಳೆಯದು. ಮಾತನಾಡುತ್ತಿದ್ದವನು ನನ್ನ ಮಗ.

ಅವನ ಹೆಸರು ಶಶಿರಾಜ್. ನೀನು ಹುಡುಗಿಯಾಗಿದ್ದಾಗ ಪ್ರಬಂಧ ತಿದ್ದಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಿದ್ದೆಯಲ್ಲ, ಆಗ ನಿನ್ನ ಪೆನ್ಸಿಲುಗಳನ್ನು ಅಡಗಿಸಿಡುತ್ತಿದ್ದ ಪಾಪು. ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದುದರಿಂದ ಅವನ ನಿಜವಾದ ಹೆಸರು ನಿನಗೆ ತಿಳಿಯದು. ನನ್ನ ದಿವಂಗತ ಪತ್ನಿ ನೆಲ್ಲಿಮಾರಿನವಳು. ವಸಂತಿ ಅಕ್ಕ ನನಗೆ ದೂರದ ಸಂಬಂಧವಲ್ಲ, ನನ್ನ ಹೆಂಡತಿಯ ಒಡಹುಟ್ಟಿದ ಅಕ್ಕ. ತಮ್ಮ ಮನೆಯ ಹಿರಿಯ ಯಜಮಾನರು ತೀರಿಕೊಂಡ ಮೇಲೆ ಅವರ ಹೆಸರನ್ನು ಅಕ್ಕತಂಗಿಯರಿಬ್ಬರೂ ತಮ್ಮ ತಮ್ಮ ಮಕ್ಕಳಿಗೆ ಇಟ್ಟರು. ನೆಲ್ಲಿಮಾರಿನ ಶಶಿರಾಜ ನನ್ನನ್ನು ಪಂಡಿತರೇ ಎಂದು ಕರೆದನೆಂದು ಮೇಲೆ ಬರೆದದ್ದು ಸುಳ್ಳು. ಅವನು ನನ್ನನ್ನು ಚಿಕ್ಕಪ್ಪ ಎಂದೇ ಕರೆಯುವುದು.

ಮರೆವು ಎಂಬುದೂ ಸುಳ್ಳು. ನಿನ್ನಿಂದ ಕೇಳಿ ಪಡೆದ ಆ ಎರಡು ದಿನಗಳಲ್ಲಿ ನಾನು ಯಾವ ಟಿಪ್ಪಣಿಯನ್ನೂ ನೋಡಲಿಲ್ಲ. ಮಗನನ್ನು ಕೂರಿಸಿ ಕೇಳಿದೆ. ಅವನು ಅಲ್ಲವೆನ್ನಲಿಲ್ಲ. “ತಮಾಷೆಗೆ ಶುರುವಾದದ್ದು ಅಪ್ಪ, ಇನ್ನು ಮಾಡುವುದಿಲ್ಲ. ಹೆಸರು ಬಂದ್ರೆ ನನ್ನ ಕೆಲಸ ಹೋಗ್ತದೆ, ನಿಮ್ಮ ಮರ್ಯಾದೆಯೂ ಹೋಗ್ತದೆ” ಎಂದ. ಆಗ ನನಗೆ ಕಟ್ಟು ನೆನಪಾಯಿತು. ಮಗ ತಾಯಿಯ ಮನೆಗೆ ಸೇರಿದವನು, ನೆಲ್ಲಿಮಾರು ಎಂದು ಬರೆದರೆ ಅದು ಸುಳ್ಳಲ್ಲ, ವ್ರತಕ್ಕೆ ಭಂಗವಿಲ್ಲ. ಊರು ಅದನ್ನು ಓದಿದಾಗ ಯಾರ ಮುಖವನ್ನು ನೆನೆಯುತ್ತದೆಂಬುದು ಬರೆಯುವಾಗಲೇ ನನಗೆ ಗೊತ್ತಿತ್ತು. ಅವನು ಒಂಟಿ, ಹೆಂಡತಿ ಮಕ್ಕಳಿಲ್ಲ, ಸಾಧು, ಎರಡು ತಿಂಗಳು ಮಾತಾಡಿ ಊರು ಸುಮ್ಮನಾಗುತ್ತದೆ ಎಂದು ತೂಗಿ ನೋಡಿಯೇ ಬರೆದೆ. ಐದು ವಾರ ದಿನವೂ ಬಸದಿಗೆ ಹೋದೆ, ದಿನವೂ ನಾನು ಸುಳ್ಳಾಡಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ನನ್ನ ಹೆಸರನ್ನು ಪುಸ್ತಕದಲ್ಲಿ ಬರೆ ಎಂದು ಮೇಲೆ ಹೇಳಿದ್ದೂ ಬಡಿವಾರವೇ. ಮರೆವಿಗಾಗಿ ತಲೆಬಾಗಿದ ಮುದುಕನನ್ನು ಊರು ಹೊಗಳುತ್ತಿತ್ತು.

ನೆಲ್ಲಿಮಾರಿನಿಂದ ಹೊರಡುವಾಗ ಅವನು ಕೇಳಿದ ಮಾತನ್ನೂ ಬರೆಯುತ್ತೇನೆ. “ತಮ್ಮ ಹುಷಾರಿದ್ದಾನಾ, ಚಿಕ್ಕಪ್ಪ?” ಇಷ್ಟೇ. ಅವನ ಕಣ್ಣನ್ನು ನೋಡಿದೆ. ಅವನಿಗೆ ಮೊದಲ ದಿನದಿಂದಲೇ ಗೊತ್ತು. ಚಾದಂಗಡಿಯಲ್ಲಿ ಒಂದು ಮಾತು ಆಡಿದ್ದರೆ ಅವನು ಬಿಡುಗಡೆಯಾಗುತ್ತಿದ್ದ. ನನ್ನ ಮನೆಯ ಹೆಸರನ್ನು ಉಳಿಸಲೆಂದು ಬಾಯಿ ಮುಚ್ಚಿಕೊಂಡ, ಆಮೇಲೆ ಅನ್ನಕ್ಕೂ ಮುಚ್ಚಿಕೊಂಡ.

ನೆರಿಯಕ್ಕೆ ಹೋಗಬೇಡ. ಆ ಮಗುವಿನ ಎದುರು ಇನ್ನೊಬ್ಬ ಗಂಡಸಿನ ಚಿತ್ರವನ್ನು ಹಿಡಿಯಬೇಡ. ನಿನ್ನನ್ನು ಅಲ್ಲಿಗೆ ಅಟ್ಟಿದ್ದು ಈ ಹೆಸರನ್ನು ಬರೆಯುವುದರಿಂದ ತಪ್ಪಿಸಿಕೊಳ್ಳಲು. ಅದಕ್ಕಾಗಿ ಸಾಯುತ್ತಿರುವವನ ಒಂದು ದಿನವನ್ನು ಕದಿಯಲು ಹೊರಟಿದ್ದೆ. ಜಗಲಿಯಲ್ಲಿ ಕೇಳಿಸಿದ ಆ ಎಳೆಯ ದನಿಯ ಹುಡುಗಿ ಯಾವ ಹಾಸ್ಟೆಲಿನವಳೋ, ಸಾಲಿಹಾಳಿಗೆ ಈಗಲೇ ಹೇಳು, ಹುಡುಕಲಿ.

ಈ ಕಾಗದ ನಾಳೆ ಬೆಳಗ್ಗಿನ ಮೊದಲ ಬಸ್ಸಿನಲ್ಲಿ ನಿನಗೆ ಬರುತ್ತದೆ. ನಾನು ಅದೇ ಹೊತ್ತಿಗೆ ನೆಲ್ಲಿಮಾರಿಗೆ ಹೊರಡುತ್ತೇನೆ. ವಸಂತಿ ಅಕ್ಕನ ಎದುರಿಗೇ ಅವನಿಗೆ ಎಲ್ಲವನ್ನೂ ಹೇಳುತ್ತೇನೆ, ಆಮೇಲೆ ಕಮಲಾಕ್ಷನ ಅಂಗಡಿಯಲ್ಲಿ ನಿಂತು ಹೇಳುತ್ತೇನೆ. ಅವನು ಉಣ್ಣುತ್ತಾನೋ ಇಲ್ಲವೋ ಬಲ್ಲೆನೆಂದು ಹೇಳಲಾರೆ. ಪುಸ್ತಕದಲ್ಲಿ ಬರೆಯಬೇಕಾದದ್ದನ್ನು ಕೆಳಗೆ ಬರೆದುಕೊಟ್ಟಿದ್ದೇನೆ. ಒಂದಕ್ಷರವನ್ನೂ ಮೆದುಗೊಳಿಸದೆ ಹಾಗೆಯೇ ಇಳಿಸಿಕೋ.

ಮೂವತ್ತೇಳು. ಶಶಿರಾಜ್, ವಯಸ್ಸು ಮೂವತ್ತಾರು, ಹೇಮರಾಜ ಪಂಡಿತನ ಮಗ, ಮೂಡುಬಿದಿರೆಯಲ್ಲಿ ತಂದೆಯ ಮನೆಯಲ್ಲಿ ವಾಸ. ಈಗಲೂ ಅಲ್ಲಿಯೇ ಇದ್ದಾನೆ. ಗುರುತಿಸಿದವನು: ತಂದೆ.